ಚಕ್ಕಡಿಯ ಹಿಂದಿನ ಪಂಕ್ತಿ

ಊಟದ ಹೊತ್ತಿಗೆ ಹೂಲಿಯ ರೈತ ರುದ್ರಪ್ಪನವರು, ಕ್ರಿಸ್ತಮತ ಸಾರುತ್ತ ಊರೂರು ತಿರುಗುತ್ತಿದ್ದ ನಮಗೆಂದು ರೊಟ್ಟಿಬುಟ್ಟಿ ಹೊತ್ತು ಡೇರೆಯ ತನಕ ಬಂದವರು ಅಲ್ಲೇ ನಿಂತುಬಿಟ್ಟರು. ಬೆಳಿಗ್ಗೆ ಅವರ ಊರ ಕಟ್ಟೆಯ ಮೇಲೆ ನಮ್ಮ ಪಾದ್ರಿ ಸಾಹೇಬರು, ದೇವರ ಎದುರು ಎಲ್ಲರದೂ ಒಂದೇ ಪಂಕ್ತಿ ಎಂದು ಗಂಟಲು ಹರಿಯುವಂತೆ ಸಾರಿದ್ದರು. ಈಗ ಸಾಹೇಬರು ಡೇರೆಯೊಳಗೆ ಮೇಜಿಗೆ ಕುಳಿತಿದ್ದರು. ಮೇಲುಜಾತಿಯಿಂದ ಕ್ರೈಸ್ತರಾದ ಉಪದೇಶಿಗಳು ಬೇವಿನ ನೆರಳಿನಲ್ಲಿ ಚಾಪೆ ಹಾಸಿಕೊಂಡಿದ್ದರು. ಅವರ ಜೊತೆಗೇ ದೀಕ್ಷಾಸ್ನಾನ ಪಡೆದಿದ್ದರೂ ಊರ ಹೊರಗಿನ ಕೇರಿಯವನಾದ ನಾನು ಚಕ್ಕಡಿಯ ಹಿಂದೆ, ಎತ್ತುಗಳ ಮಗ್ಗುಲಲ್ಲಿ ಉಣ್ಣುತ್ತಿದ್ದೆ.

ರುದ್ರಪ್ಪನವರು ಸಾವಕಾಶ ಕೇಳಿದರು: "ಸಾಹೇಬ್ರ, ಇಲ್ಲಿ ಮೂರು ಪಂಕ್ತಿ ಅದಾವಲ್ರಿ. ನಾ ನಿಮ್ಮ ಮತಕ್ಕ ಬಂದ್ರ ನನ್ನ ಎಲ್ಲಿ ಕುಂದರಸ್ತೀರಿ?"

ಸಾಹೇಬರು ಕೆಮ್ಮಿದರು. ಉಪದೇಶಿಗಳು ಅವಸರದಿಂದ, "ಬೆಳಿಗ್ಗೆ ಹೇಳಿದ್ದು ಪರಲೋಕದ ಪಂಕ್ತಿರೀ, ರುದ್ರಪ್ಪನವರ" ಎಂದರು.

ರುದ್ರಪ್ಪನವರು ನಕ್ಕು ನನ್ನ ತಾಟಿಗೂ ರೊಟ್ಟಿ ಹಾಕಿದರು. ಮುಟ್ಟದಂತೆ, ಮೇಲಿನಿಂದಲೇ ಹಾಕಿದರು. ಆದರೆ ಅವರೇನೂ ಬೆಳಿಗ್ಗೆ ಉಪದೇಶ ಮಾಡಿದವರಲ್ಲ.

ಅವರ ಮಾತು ವ್ಯರ್ಥವಾಯಿತೆಂದು ಹೇಳಲಾರೆ. ಮರುದಿನ ಮುನವಳ್ಳಿಯ ಉಪದೇಶದಲ್ಲಿ ಸಾಹೇಬರು ಪಂಕ್ತಿಯ ಮಾತನ್ನೇ ಎತ್ತಲಿಲ್ಲ. ನನ್ನ ತಾಟು ಚಕ್ಕಡಿಯ ಹಿಂದೆಯೇ ಇತ್ತು.