ಬಂದೂಕಿಗೆ ಪಂಚಾಮೃತ

ನನ್ನ ಅಣ್ಣನ ಬಂದೂಕು ಹಿರಿಯೂರಿನ ಕಚೇರಿಯಲ್ಲಿ ಒಂದು ವರ್ಷ ಬಂದಿಯಾಗಿದ್ದದ್ದು ನನ್ನಿಂದ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಧೈರ್ಯ ಸಾಲದೆ ನಿಲ್ಲಿಸಿದರೂ ಇಷ್ಟಾದರೂ ಕಾಗದದ ಮೇಲೆ ಉಳಿಯಲಿ. ನಾನು ಓದಿದ್ದು ಗುಡಿಯ ಜಗಲಿಯ ಮೇಲೆ, ಎರಡನೆಯ ಪುಸ್ತಕದವರೆಗೆ. ಮೂರನೆಯದನ್ನು ತೆರೆಯುವುದರೊಳಗೆ ರಾಮಗಿರಿಯ ಕಡೆಗೆ ಮದುವೆ ಮಾಡಿ ಕೊಟ್ಟರು. ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಬೇಕು.

ತವರು ಐಮಂಗಲದ ಹತ್ತಿರದ ಒಂದು ಹಳ್ಳಿ. ಅಣ್ಣನಿಗೆ ಹೊಲ, ಎತ್ತು, ಹೆಂಡತಿ, ಮಕ್ಕಳು ಎಲ್ಲ ಇದ್ದರೂ ಜೀವ ಇದ್ದದ್ದು ತಾತನ ಕಾಲದ ಬಂದೂಕಿನಲ್ಲಿ. ಬಾಯಿಯಿಂದ ಮದ್ದು ತುಂಬಿ, ಕಬ್ಬಿಣದ ಕಡ್ಡಿಯಿಂದ ಜಡಿದು ಹಾರಿಸುವ ಹಳೆಯ ನಾಡ ಬಂದೂಕು ಅದು. ಅತ್ತಿಗೆ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು.

"ಸವತಿಗೆ ಎಣ್ಣೆ ಹಚ್ಚಿದ್ದಾತೇನ್ರಿ? ಹಂಗಾರೆ ಉಣ್ಣಾಕೆ ಬರ್ರಿ," ಎನ್ನುವಳು.

ನಮ್ಮದು ಮಾಂಸ ಮುಟ್ಟದ ಶಿವಭಕ್ತರ ಮನೆ. ಸರ್ಕಾರ ಕೊಟ್ಟ ಚೀಟಿಯಲ್ಲಿ ಬಂದೂಕು ಬೆಳೆ ಕಾಯಲು ಎಂದು ಬರೆದಿತ್ತು. ಹೊಲಕ್ಕೆ ಹಂದಿ ನುಗ್ಗಿದರೆ ಅಣ್ಣನಿಗೆ ಧರ್ಮಸಂಕಟ. ಹೊಡೆದರೆ ಪಾಪ, ತಪ್ಪಿದರೆ ನಾಚಿಕೆ. ಅದಕ್ಕೆ ಆಕಾಶಕ್ಕೆ ಹಾರಿಸಿ ಹಂದಿಯನ್ನೂ ದೇವರನ್ನೂ ಒಟ್ಟಿಗೆ ಸಮಾಧಾನಪಡಿಸುತ್ತಿದ್ದ. ಅವನ ನಿಜವಾದ ಬೇಟೆ ಗಡಿಗೆ.

ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ಬಿಡುವಿನ ದಿನ. ಎತ್ತಿಗೆ ಬಿಡುವಾದರೆ ಅಣ್ಣನಿಗೂ ಬಿಡುವು. ಊರಿನಲ್ಲಿ ಬಂದೂಕಿದ್ದವರು ಇಬ್ಬರೇ, ಅಣ್ಣ ಮತ್ತು ಅವನ ಬಾಲ್ಯದ ಗೆಳೆಯನಾದ ಕುರಿಗಾರ. ಕುರಿಗಾರನಿಗೆ ತೋಳ ಓಡಿಸಲೆಂದು ಚೀಟಿ ಸಿಕ್ಕಿತ್ತು. ಇಬ್ಬರೂ ಊರಾಚೆಯ ದಿಬ್ಬಕ್ಕೆ ಹೋಗಿ ಹಳೆಯ ಗಡಿಗೆಗಳನ್ನು ಬಂಡೆಯ ಮೇಲೆ ಸಾಲಾಗಿ ಇಟ್ಟು ಗುರಿ ಹೊಡೆಯುತ್ತಿದ್ದರು. ಊರಿನ ಹೆಂಗಸರು ಸೀಳು ಬಿಟ್ಟ ಗಡಿಗೆಯನ್ನು ಬಿಸಾಡದೆ ಸೋಮವಾರಕ್ಕೆಂದು ಎತ್ತಿಡುತ್ತಿದ್ದರು. ಕುರಿಗಾರ ಗುರಿಯಿಟ್ಟ ಗಡಿಗೆ ಚೂರುಚೂರು. ಅಣ್ಣ ಗುರಿಯಿಟ್ಟ ಗಡಿಗೆಯನ್ನು ಸಂಜೆ ಮನೆಗೆ ತಂದು ಮತ್ತೆ ರಾಗಿ ತುಂಬಿಡಬಹುದಿತ್ತು.

ಆ ವರ್ಷ ದಸರೆಗೆ ತವರಿಗೆ ಬಂದಿದ್ದೆ. ಸೋಮವಾರ ನಾನೂ ಅತ್ತಿಗೆಯೂ ದಿಬ್ಬಕ್ಕೆ ಹೋಗಿ ಕುಳಿತೆವು. ಅಣ್ಣ ಏಳು ಸಲ ಹಾರಿಸಿದ. ಏಳು ಗಡಿಗೆಗಳೂ ಕೂತಲ್ಲೇ ಕೂತಿದ್ದವು.

"ಏನಪ್ಪ, ಗಡಿಗೇನ ಹೊಡೀತೀಯೋ ಬರೀ ಹೆದರಿಸ್ತೀಯೋ?" ಎಂದ ಕುರಿಗಾರ.

"ಗಾಳಿ ಐತೆ ಕಣಲೇ."

"ನಾನು ಹೊಡಿಯಾವಾಗ ಎಲ್ಲಿಗೋಗಿತ್ತು ಗಾಳಿ? ನನ್ನ ಕುರಿ ಕಾಯಾಕೆ ಹೋಗಿತ್ತಾ?"

"ಗಾಳಿದೇನೂ ತಪ್ಪಿಲ್ಲ," ಎಂದಳು ಅತ್ತಿಗೆ. "ಆ ಸವತಿಗೆ ಕಣ್ಣಿಲ್ಲ."

ಎಲ್ಲರೂ ನಕ್ಕರು. ಅಣ್ಣನೂ ನಕ್ಕ, ಆದರೆ ಮನೆಗೆ ಬರುವಾಗ ಎಲ್ಲರಿಗಿಂತ ಹಿಂದೆ, ಬಂದೂಕನ್ನು ಸವರುತ್ತ ನಡೆದು ಬಂದ. ನನಗೆ ಕರುಳು ಚುರ್ರೆಂದಿತು. ಮುಂದಿನ ಅನಾಹುತಕ್ಕೆಲ್ಲ ಆ ಕನಿಕರವೇ ಮೂಲ.

ಆಯುಧಪೂಜೆಯ ಬೆಳಿಗ್ಗೆ ಅಣ್ಣ ಗಾಡಿ, ನೇಗಿಲು ತೊಳೆಯಲು ಹೋಗುವಾಗ ಬಂದೂಕನ್ನು ನನ್ನ ಕೈಗೆ ಕೊಟ್ಟ. ಸವತಿಯನ್ನು ಮುಟ್ಟುವುದಿಲ್ಲವೆಂದು ಅತ್ತಿಗೆ ಹಟ ಹಿಡಿದಿದ್ದಳು.

"ಒರೆಸಿ, ಈಬೂತಿ ಹಚ್ಚಿ, ಹೂವು ಏರ್ಸು. ಹೊರಗಡೆ ಮಾತ್ರ ಕಣವ್ವ. ನಳಿಗೆ ಒಳಕ್ಕೆ ಒಂದು ಹನಿ ನೀರು ಹೋಗಬಾರ್ದು," ಎಂದ.

ನಾನು ನೀರು ಹಾಕಲಿಲ್ಲ. ಆದರೆ ಒರೆಸುತ್ತ ಯೋಚನೆ ಬಂತು. ನೆತ್ತಿಗೆ ಹಾಕದೆ ಬರೀ ಬೆನ್ನು ಸವರಿದರೆ ಅದೆಂಥ ಅಭಿಷೇಕ? ವರ್ಷ ವರ್ಷವೂ ಹೊರಗಷ್ಟೇ ಪೂಜೆ, ಒಳಗೆ ಒಣಗಲು. ಗುರಿ ತಪ್ಪದೆ ಏನು ಮಾಡೀತು? ದೇವರಿಗೆ ಕಲಸಿಟ್ಟ ಪಂಚಾಮೃತ ಎದುರಿಗೇ ಇತ್ತು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ, ಮೇಲೆ ಎರಡು ಬಾಳೆಹಣ್ಣು ಕಿವುಚಿತ್ತು. ಬಂದೂಕನ್ನು ನೆಟ್ಟಗೆ ನಿಲ್ಲಿಸಿ, ಅಣ್ಣನಿಗೆ ಒಂದು ಗಡಿಗೆಯಾದರೂ ಒಡೆಯಲಪ್ಪ ಎಂದು ಬೇಡಿಕೊಂಡು, ಅದರ ಬಾಯಿಗೆ ಒಂದು ಲೋಟ ಎರೆದೆ. ಬೋರಲು ಹಾಕಿದಾಗ ಅರ್ಧ ಲೋಟ ಮಾತ್ರ ಹೊರಗೆ ಬಂತು. ಉಳಿದದ್ದನ್ನು ದೇವರು ಸ್ವೀಕರಿಸಿದ ಎಂದುಕೊಂಡೆ. ಬಾಯಿಗೊಂದು ಬಟ್ಟೆಯ ಬಿರಡೆ ತುರುಕಿ, ಚೆಂಡುಹೂವಿನ ಹಾರ ಹಾಕಿ, ದೇವರ ಮುಂದೆ ಒರಗಿಸಿದೆ. ಪೂಜೆಯಲ್ಲಿಟ್ಟ ಆಯುಧವನ್ನು ಯಾರೂ ಮುಟ್ಟುವಂತಿರಲಿಲ್ಲ.

ಮಾರನೆಯ ದಿನ ಊರಲ್ಲಿ ತಮಟೆ ಹೊಡೆದರು. ಹಿರಿಯೂರಿಗೆ ಹೊಸ ಅಮಲ್ದಾರರು ಬಂದಿದ್ದಾರೆ, ಬಂದೂಕಿದ್ದವರೆಲ್ಲ ಶನಿವಾರ ಕಚೇರಿಗೆ ತಂದು ತೋರಿಸಬೇಕು, ಬೇಡದವರ ಬಂದೂಕು, ಕೆಟ್ಟ ಬಂದೂಕು ವಾಪಸ್ ಕೊಡುವುದಿಲ್ಲ ಎಂದು ಸಾರಿದರು. ಶನಿವಾರದ ಹೊತ್ತಿಗೆ ದೇವರ ಮನೆಯಲ್ಲಿ ಸಣ್ಣಗೆ ಹುಳಿ ವಾಸನೆ. ಆಗ ಹೇಳಿದ್ದರೆ ಒಂದು ಕೊಡ ಬಿಸಿನೀರಿನಲ್ಲಿ ಮುಗಿಯುತ್ತಿತ್ತು. ಅಣ್ಣ ಹಾರವನ್ನೂ ತೆಗೆಯದೆ ಬಂದೂಕನ್ನು ಮಗುವಿನಂತೆ ಎತ್ತಿಕೊಂಡು ಗಾಡಿ ಹತ್ತಿದ. ಕುರಿಗಾರನೂ ಹತ್ತಿದ. ಬಳೆ ತೊಡಬೇಕೆಂದು ನಾನೂ ಹತ್ತಿದೆ.

ಕಚೇರಿಯ ಮುಂದಿನ ಬೇವಿನ ನೆರಳಿನಲ್ಲಿ ಸುತ್ತಲ ಊರಿನ ಬಂದೂಕಿನವರೆಲ್ಲ ಸೇರಿದ್ದರು. ಬಳೆ ತೊಟ್ಟು ಬಂದು ನಾನು ಗಾಡಿಯಲ್ಲೇ ಕುಳಿತು ಕಡಲೆಪುರಿ ತಿನ್ನುತ್ತ ಅವರ ಮಾತು ಕೇಳುತ್ತಿದ್ದೆ.

"ಬಂದೂಕಿಗೆ ಚೀಟಿ ಕೇಳ್ತಾರೆ, ಕುಡುಗೋಲಿಗೆ ಯಾಕೆ ಕೇಳಂಗಿಲ್ಲ?" ಎಂದು ಜವನಗೊಂಡನಹಳ್ಳಿಯ ಮುದುಕರೊಬ್ಬರು ಶುರುಮಾಡಿದರು. "ನಮ್ಮ ಬೀಗ ಕುಡುಗೋಲು ಹಿಡ್ಕಂಡು ಬಂದ್ನಲ್ಲ, ಅವತ್ತು ಯಾವ ಚೀಟಿ ತೋರ್ಸಿದ್ದ?"

"ತೋಳ ಬಂದು ಚೀಟಿ ತೋರ್ಸಪ್ಪ ಅಂದ್ರೆ ನಾನೂ ತೋರಿಸ್ತೀನಿ ಬಿಡ್ರಿ," ಎಂದ ನಮ್ಮ ಕುರಿಗಾರ.

ಹೊಸದುರ್ಗದ ಕಡೆಯಿಂದ ಬಂದು ನೆಲೆಸಿದ್ದ ಒಬ್ಬ ದಪ್ಪ ಮೀಸೆಯವನು ಒಪ್ಪಲಿಲ್ಲ. "ಚೀಟಿ ಇರ್ಬೇಕು ಕಣ್ರಿ. ಇಲ್ದಿದ್ರೆ ಕಂಡಕಂಡೋರೆಲ್ಲ ಹಿಡ್ಕಂತಾರೆ. ನಮ್ಮ ಪಕ್ಕದ ಹೊಲದೋನಿಗೆ ಮಾತ್ರ ಕೊಡಬ್ಯಾಡ್ರಿ ಅಂತ ಅರ್ಜಿ ಹಾಕೀನಿ."

"ಅವ್ನೂ ಹಾಕೌನೆ, ನಿನ್ನ ಮ್ಯಾಲೆ," ಎಂದರು ಮುದುಕರು.

ಗಂಟೆಗಟ್ಟಲೆ ಕೇಳಿದ ಮೇಲೆ ನನಗೆ ತಿಳಿದದ್ದು ಇಷ್ಟು. ತನ್ನ ಬಂದೂಕು ತನ್ನ ಇಷ್ಟ, ಪಕ್ಕದವನದಕ್ಕೆ ಮಾತ್ರ ಸರ್ಕಾರದ ಬೀಗ ಬೇಕು. ಇದರಲ್ಲಿ ಅವರೊಳಗೆ ಭೇದವಿರಲಿಲ್ಲ. ಅಣ್ಣನೊಬ್ಬನ ದಾರಿ ಬೇರೆ.

"ಚೀಟಿ ಅಂದ್ರೆ ಮರ್ವಾದೆ ಕಣ್ರಿ. ಮಹಾರಾಜರ ಸರ್ಕಾರ ನನ್ನ ನಂಬೈತೆ ಅಂತ ಅರ್ಥ," ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿದ. ಅವನು ಆ ಚೀಟಿಯನ್ನು ದೇವರ ಗೂಡಿನಲ್ಲಿಟ್ಟು ಪೂಜಿಸಿ ಪೂಜಿಸಿ, ವಿಭೂತಿಯಡಿ ಅರ್ಧ ಅಕ್ಷರ ಕಾಣುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಜವಾನ ಕೂಗಿದ. ಅಮಲ್ದಾರರು ಜಗಲಿಯ ಮೇಲೆ ಮೇಜು ಹಾಕಿಸಿಕೊಂಡು ಕುಳಿತಿದ್ದರು. ಅಣ್ಣ ಬಂದೂಕನ್ನು ಮೇಜಿನ ಮೇಲೆ ಮಲಗಿಸಿ, ಬಾಯಿಯ ಬಟ್ಟೆ ಎಳೆದ. ಮೊದಲು ಒಂದು ಕೆಂಪಿರುವೆ ಹೊರಗೆ ಬಂತು. ಬೆಳಕು ನೋಡಿ ಒಳಗೆ ಹೋಗಿ ಸುದ್ದಿ ಹೇಳಿರಬೇಕು, ಹಿಂದೆಯೇ ಇಡೀ ದಂಡು ಹೊರಟಿತು. ಕಾಗದದ ಕಟ್ಟು ಹತ್ತಿ ಇಳಿದು, ಅಮಲ್ದಾರರ ಮಸಿಕುಡಿಕೆಯನ್ನು ಸುತ್ತು ಹಾಕಿತು.

"ಏನಯ್ಯ ಇದು?"

"ಇರುವೆ, ಸ್ವಾಮಿ."

"ಇರುವೆ ಅಂತ ನನಗೂ ಗೊತ್ತು. ಬಂದೂಕಿನಲ್ಲಿ ಮದ್ದಿರಬೇಕೋ ಇರುವೆ ಇರಬೇಕೋ?"

ಜವಾನ ಬಗ್ಗಿ ಮೂಸಿದ. "ಬುದ್ಧೀ, ಹುಳಿ ಮಜ್ಜಿಗೆ ವಾಸ್ನೆ."

ಅಮಲ್ದಾರರು ಮೂಗು ಮುಚ್ಚಿಕೊಂಡು ತೀರ್ಪು ಹೇಳಿದರು. ಇರುವೆ ಸಂಸಾರ ಹೂಡುವಷ್ಟು ಕಾಲ ಬಿದ್ದಿದೆ ಎಂದರೆ ಇವರಿಗೆ ಬಂದೂಕು ಬೇಕಿಲ್ಲ. ಇಲ್ಲೇ ಇರಲಿ. ಹೀಗೆ ಯಾಕಾಯಿತು ಎಂದು ಸಮಜಾಯಿಷಿ ಬರೆದುಕೊಟ್ಟರೆ ಮುಂದೆ ನೋಡೋಣ.

ಅಣ್ಣ ತಿರುಗಿದ. ಕುರಿಗಾರ ನಗು ತಡೆಯಲು ಬಾಯಿಗೆ ಟವಲು ತುರುಕಿಕೊಂಡಿದ್ದ. ಅಣ್ಣನಿಗೆ ಅಷ್ಟೇ ಸಾಕಾಯಿತು.

"ನೀನೇ ಕಣಲೇ ಮಾಡಿದ್ದು! ಗಾಡೀಲಿ ಪಕ್ಕದಾಗೇ ಕುಂತಿದ್ದಲ್ಲ!"

"ನಾನಾ? ನನ್ನ ಕುರಿ ಆಣೆಗೂ ಇಲ್ಲ ಮಾರಾಯ!"

"ಇವತ್ತಿಂದ ನಮ್ಮ ಜಗಲಿ ಹತ್ತಬ್ಯಾಡ."

ನನ್ನ ಬಾಯಿ ತುಂಬ ಕಡಲೆಪುರಿ ಇತ್ತು. ನುಂಗಿದ ಮೇಲೆ ಹೇಳೋಣ ಎಂದುಕೊಂಡೆ. ನುಂಗಿದೆ. ಹೇಳಲಿಲ್ಲ. ನನ್ನ ತಪ್ಪೊಪ್ಪಿಗೆಯೆಲ್ಲ ಈ ಮೂರು ಮಾತಿನಲ್ಲಿದೆ. ಕುರಿಗಾರ ನಮ್ಮ ಗಾಡಿ ಹತ್ತದೆ ಊರವರೆಗೂ ನಡೆದುಕೊಂಡೇ ಬಂದ.

ಊರಿನ ಶಾನುಭೋಗರು ಅಣ್ಣನಿಗೆ ಉಪಾಯ ಹೇಳಿದರು. ಕುರಿಗಾರನೇ ಕಿಡಿಗೇಡಿತನದಿಂದ ಮಾಡಿದನೆಂದು ಬರೆದುಕೊಡು, ಬಂದೂಕು ಬರುತ್ತದೆ. ಅಣ್ಣ ಒಪ್ಪಲಿಲ್ಲ. "ಅವನ ಮಖ ನೋಡಾಕಿಲ್ಲ, ಅದು ಬ್ಯಾರೆ. ಸರ್ಕಾರದ ಕಾಗದದಾಗೆ ಅವನ ಹೆಸರು ಬರ್ಸಿದ್ರೆ ಅವನ ಬಂದೂಕೂ ಹೋಗ್ತೈತೆ. ತೋಳ ಬಂದ್ರೆ ಕುರಿ ಗತಿ ಏನು?" ಎಂದ. ಬಾಗಿಲ ಮರೆಯಲ್ಲಿ ನಿಂತು ಇದನ್ನೂ ಕೇಳಿಸಿಕೊಂಡೆ. ಎರಡು ದಿನದಲ್ಲಿ ಹೊಸ ಬಳೆ ಘಲ್ಲೆನ್ನಿಸುತ್ತ ಗಂಡನ ಮನೆಗೆ ಹೊರಟುಹೋದೆ.

ಮುಂದಿನ ದಸರೆಗೆ ಬಂದಾಗ ಅತ್ತಿಗೆ ಸೊರಗಿದ್ದಳು. "ಸವತಿ ಹೋದ ಮ್ಯಾಲೆ ಮನೆ ಬಣಬಣ ಅಂತೈತವ್ವ. ಬೈಯಾಕೂ ಯಾರಿಲ್ಲ," ಎಂದಳು. ಹಿತ್ತಿಲಲ್ಲಿ ಒಡೆಯದ ಒಡಕು ಗಡಿಗೆಗಳು ಸೊಂಟದೆತ್ತರ ಬೆಳೆದಿದ್ದವು. ಬೇಸಿಗೆಯಲ್ಲಿ ಕುರಿಗಾರನ ಮಗಳ ಮದುವೆಯಾಗಿತ್ತು. ನಮ್ಮ ಮನೆಯಿಂದ ಯಾರೂ ಹೋಗಿರಲಿಲ್ಲ.

ಸೋಮವಾರ ಅಣ್ಣನನ್ನು ಹುಡುಕುತ್ತ ದಿಬ್ಬಕ್ಕೆ ಹೋದೆ. ಒಬ್ಬನೇ ನಿಂತಿದ್ದ. ಎತ್ತು ಹೊಡೆಯುವ ಬಾರುಕೋಲನ್ನು ಹೆಗಲಿಗೆ ಆನಿಸಿ, ಒಂದು ಕಣ್ಣು ಮುಚ್ಚಿ, ಬಂಡೆಯ ಮೇಲಿನ ಗಡಿಗೆಗೆ ಗುರಿಯಿಟ್ಟು, ಬಾಯಲ್ಲಿ "ಢಂ" ಎಂದ. ಸ್ವಲ್ಪ ಹೊತ್ತು ನೋಡಿ, "ಥೂ, ತಪ್ಪಿತು," ಎಂದ.

ನನಗೆ ತಡೆಯಲಾಗಲಿಲ್ಲ. ಅಲ್ಲೇ ಕುಳಿತು ಎಲ್ಲ ಹೇಳಿಬಿಟ್ಟೆ. ಅವನು ಕೋಲನ್ನು ಹೆಗಲಿನಿಂದ ಇಳಿಸಿದ.

"ಬಾಳೆಹಣ್ಣೂನಾ?"

"ಎರಡು."

"ತುಪ್ಪ ಎಮ್ಮೇದೋ ಹಸೂದೋ?"

"ಹಸೂದು."

ಕೋಲು ಹಿಡಿದು ದಿಬ್ಬದ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಾಡಿದ. ಹೊಡೆಯುತ್ತಾನೆ ಎಂದು ಕಣ್ಣು ಮುಚ್ಚಿದೆ. "ಯಾರಿಗೂ ಹೇಳಬ್ಯಾಡ," ಎಂದ. "ಒಂದು ವರ್ಷ ಅವನ್ನ ಕಳ್ಳನ ಹಂಗೆ ನೋಡೀನಿ. ಮಜ್ಜಿಗೆ ಹಾಕಿದ್ದು ನಮ್ಮನೆ ಹೆಣ್ಮಗಳು ಅಂತ ಗೊತ್ತಾದ್ರೆ ಹೆಂಗೆ ಮಖ ತೋರಿಸ್ಲಿ?"

ಆದರೆ ಬಂದೂಕು ಬೇಕೆಂದರೆ ಸಮಜಾಯಿಷಿ ಬೇಕು. ಸಮಜಾಯಿಷಿಯನ್ನು ಕಚೇರಿಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾರೆ, ವರ್ಷಕ್ಕೊಮ್ಮೆ ಬಂದೂಕು ತೋರಿಸುವ ಶನಿವಾರವಾದ್ದರಿಂದ ಕುರಿಗಾರನೂ ಅಲ್ಲೇ ಇರುತ್ತಾನೆ. ಅಣ್ಣ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಕಾಗದ, ಮಸಿ ತಂದು ನನ್ನ ಮುಂದಿಟ್ಟು, "ಬರಿ," ಎಂದ. "ಹಸೂನ ತುಪ್ಪ ಅಂತ ಮರೀದೆ ಬರಿ. ಕೀಳು ಪದಾರ್ಥ ಹಾಕಿದ್ರು ಅಂದ್ಕಂಡಾರು."

ಶನಿವಾರ ಮತ್ತೆ ಅದೇ ಜಗಲಿ, ಅದೇ ಅಮಲ್ದಾರರು. ಶಿರಸ್ತೇದಾರರು ನನ್ನ ಕಾಗದವನ್ನು ಊರಿಗೆಲ್ಲ ಕೇಳುವಂತೆ ಓದಿದರು. "ಇದರಲ್ಲಿ ಬಂದೂಕಿನ ತಪ್ಪಿಲ್ಲ. ನನ್ನ ಅಣ್ಣನ ತಪ್ಪಿಲ್ಲ. ಅಣ್ಣನ ಗೆಳೆಯನ ತಪ್ಪು ಮೊದಲೇ ಇಲ್ಲ. ನೀರು ಹಾಕಬೇಡ ಎಂದಿದ್ದರು, ನಾನು ನೀರು ಹಾಕಿಲ್ಲ. ಹಾಲು, ಮೊಸರು, ಹಸುವಿನ ತುಪ್ಪ…" ಬಾಳೆಹಣ್ಣಿಗೆ ಬರುವ ಹೊತ್ತಿಗೆ ಶಿರಸ್ತೇದಾರರ ದನಿ ಒಡೆಯಿತು. ಬೇವಿನ ಮರದಡಿ ಬಂದೂಕಿನವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಕುರಿಗಾರ ನೆಲದ ಮೇಲೆ ಕುಳಿತೇಬಿಟ್ಟ. ಅಣ್ಣ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದ.

"ಬಂದೂಕು ಈಗಲೂ ಹಾರುತ್ತದೆಯೋ ನೋಡಬೇಕು," ಎಂದರು ಅಮಲ್ದಾರರು.

ಎದುರು ಮನೆಯಿಂದ ಬಿಸಿನೀರು ತಂದರು. ಅಣ್ಣ ನಳಿಗೆ ಹಿಡಿದ. ನೀರು ಹುಯ್ಯಲು ಚೊಂಬು ಎತ್ತಿಕೊಂಡವನು ಕುರಿಗಾರ. ಇಬ್ಬರೂ ಹತ್ತು ಸಲ ತೊಳೆದು, ಬಿಸಿಲಿಗೆ ಒಣಗಿಸಿ, ಎಣ್ಣೆ ಬಟ್ಟೆಯಲ್ಲಿ ತಿಕ್ಕಿದರು. ಮದ್ದು ಕೊಟ್ಟವನೂ ಕುರಿಗಾರನೇ. ಕಚೇರಿಯ ಹಿಂದಿನ ಬಯಲಿನ ಗೋಡೆಯ ಮೇಲೆ ಒಂದು ಮಡಕೆ ಇಟ್ಟರು.

ಅಣ್ಣ ಉಸಿರು ಹಿಡಿದು ಹಾರಿಸಿದ. ಕಾಗೆಗಳೆಲ್ಲ ಎದ್ದವು. ಮಡಕೆ ಅಲುಗಲಿಲ್ಲ. ಹತ್ತು ಮೊಳ ಆಚೆ ಒಣಗಲು ಹಾಕಿದ್ದ ಜವಾನನ ರುಮಾಲಿನಲ್ಲಿ ಮಾತ್ರ ಐದಾರು ತೂತು ಬಿದ್ದಿದ್ದವು.

ಅಮಲ್ದಾರರು ರುಮಾಲನ್ನು ಎತ್ತಿ ಹಿಡಿದು ಆಕಾಶ ನೋಡಿದರು. ಕೊನೆಗೆ, "ಕೊಟ್ಟುಬಿಡಿ," ಎಂದರು. "ಎಲ್ಲರೂ ಹೀಗೇ ಹೊಡೆಯುವುದಾದರೆ ಸರ್ಕಾರಕ್ಕೆ ಚೀಟಿಯ ಕಾಟವೇ ಇರುತ್ತಿರಲಿಲ್ಲ."

ವಾಪಸ್ ಬರುವಾಗ ಕುರಿಗಾರ ನಮ್ಮ ಗಾಡಿ ಹತ್ತಿದ. ಐಮಂಗಲ ಹತ್ತಿರವಾಯಿತು.

"ಅಣ್ಣಾ, ತಪ್ಪೆಲ್ಲ ನಂದು," ಎಂದೆ ನಾನು ಕುರಿಗಾರನಿಗೆ.

"ಗೊತ್ತಾತು ಬಿಡು ತಂಗ್ಯವ್ವ. ಇಡೀ ತಾಲ್ಲೂಕಿಗೇ ಗೊತ್ತಾತು." ಮತ್ತೆ ನಗು ಬಂದು ಕಣ್ಣೊರೆಸಿಕೊಂಡ. ಆಮೇಲೆ ಅಣ್ಣನ ಕಡೆ ತಿರುಗಿದ. "ಮಗಳ ಮದ್ವೆಗೆ ನೀನು ಬರ್ಲಿಲ್ಲ."

"ಇಲ್ಲ."

"ನಿನಗೇ ಅಂತ ಬ್ಯಾರೆ ಅಡಿಗೆಯೋರನ್ನ ಕರೆಸಿದ್ದೆ. ಹೋಳಿಗೆ ಮಾಡಿಸಿದ್ದೆ. ಕಡೇ ಪಂಕ್ತಿವರೆಗೂ ನಿನ್ನ ಎಲೆ ಹಾಕಿಸಿ ಇಟ್ಟಿದ್ದೆ ಕಣಲೇ."

ಅಣ್ಣ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ನಾನು ಎತ್ತಿನ ಬಾಲ ನೋಡುತ್ತ ಕುಳಿತೆ.

ಊರು ಬಂದಾಗ ಗಾಡಿಯನ್ನು ನಮ್ಮ ಮನೆಗೆ ಬಿಡದೆ ಅಣ್ಣ ಕುರಿಗಾರನ ಮನೆಯ ಮುಂದೆ ನಿಲ್ಲಿಸಿದ.

"ಈಗ ಏನೈತೆ ಮನೇಲಿ?"

"ಮುದ್ದೆ, ಸೊಪ್ಪಿನ ಸಾರು. ಇನ್ನೇನಿರ್ತೈತೆ?"

"ಅದನ್ನೇ ಬಡಿಸು ನಡಿ."

ಇಬ್ಬರೂ ಇಳಿದರು. ನಾನೂ ಇಳಿಯಲು ಕಾಲು ಚಾಚಿದೆ. ಅಣ್ಣ ಕೈ ಅಡ್ಡ ಹಿಡಿದ.

"ನೀನು ಇಲ್ಲೇ ಕುಂತು ಬಂದೂಕು ನೋಡ್ಕ. ಮುಟ್ಟಬ್ಯಾಡ. ಬರೀ ನೋಡು."

ಅವರು ಉಂಡು, ನಕ್ಕು, ಎಲೆಯಡಿಕೆ ಹಾಕಿಕೊಂಡು ಹೊರಗೆ ಬರುವವರೆಗೂ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ನೋಡುತ್ತ ಕುಳಿತಿದ್ದೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ಇಳಿದು ಒಳಗೆ ಬರಲೇ ಎಂದು ಕೇಳಲಿಲ್ಲ.