ಕಾಜಕ್ಕನ ರಜೆ

ಓಣಿಯವರೆಲ್ಲ ಅವಳನ್ನು ಕಾಜಕ್ಕ ಎನ್ನುತ್ತಿದ್ದರು. ದರ್ಜಿ ಅಂಗಡಿಯಿಂದ ಬರುವ ಅಂಗಿಗಳಿಗೆ ಮನೆಯಲ್ಲೇ ಕೂತು ಕಾಜಾ ಹೊಲಿದು ಗುಂಡಿ ಹಚ್ಚುವುದು ಅವಳ ಕೆಲಸ. ಕೂತು ಎನ್ನುವುದು ಮಾತಿಗಷ್ಟೇ. ಒಂದು ಕಾಜಾ ಮುಗಿದು ಇನ್ನೊಂದು ಶುರುವಾಗುವುದರೊಳಗೆ ಅನ್ನ ಇಳಿಸಬೇಕು, ಬಟ್ಟೆ ಒಣಹಾಕಬೇಕು, ಅತ್ತೆಯ ಕಾಲೊತ್ತಬೇಕು, ಗಂಡನ ಕಾಲುಚೀಲದ ಜೋಡಿ ಹುಡುಕಬೇಕು.

ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ರವಿಕೆ ಸಡಿಲವಾಯಿತು, ತಾನೇ ಹಿಡಿದು ಹೊಲಿದುಕೊಂಡಳು. ಭೇದಿಯಾದರೆ ಪಾತ್ರೆ ತಿಕ್ಕುವುದನ್ನು ಅರ್ಧಕ್ಕೆ ಬಿಟ್ಟು ಓಡಿ, ಬಂದು ಮತ್ತೆ ತಿಕ್ಕಿದಳು. ಯಾರ ಕಣ್ಣಿಗೂ ಬೀಳಲಿಲ್ಲ. ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿ, ರುಚಿಯೇ ತಿಳಿಯದೆ ಅಡುಗೆಗೆ ಉಪ್ಪು ಎರಡೆರಡು ಸಲ ಬಿದ್ದಾಗ ಮಾತ್ರ ಮನೆ ಹೌಹಾರಿತು. ಅತ್ತೆ ಅವಳನ್ನು ಆಸ್ಪತ್ರೆಗೆ ಎಳೆದೊಯ್ದರು.

"ಏನಾಗ್ತಿದೆ?" ಎಂದರು ಡಾಕ್ಟರಮ್ಮ.

"ಉಪ್ಪಿನ ಅಂದಾಜು ಹೋಗಿದೆ ತಾಯಿ," ಎಂದರು ಅತ್ತೆ.

ರಕ್ತದ ಪರೀಕ್ಷೆಯಲ್ಲಿ ಎಚ್‌ಐವಿ ಎಂದು ಬಂತು. ಗಂಡನನ್ನೂ ಕರೆಸಿದರು; ಅವನಿಗೂ ಅದೇ. ಮದುವೆಗೆ ಮುಂಚಿನ ಕಥೆ ಎಂದು ಚಪ್ಪಲಿ ನೋಡುತ್ತಾ ಒಪ್ಪಿಕೊಂಡ. ಇಬ್ಬರಿಗೂ ಮಾತ್ರೆ ಕೊಟ್ಟ ಡಾಕ್ಟರಮ್ಮ ಕಾಜಕ್ಕನಿಗೆ, "ನಿನಗೆ ವಿಶ್ರಾಂತಿ ಬೇಕೇ ಬೇಕು," ಎಂದರು. ಅದು ಯಾವ ಅಂಗಡಿಯಲ್ಲಿ ಸಿಗುತ್ತದೋ ಎಂದು ಅವಳಿಗೆ ನಗು ಬಂತು.

ಮನೆಗೆ ಬಂದ ಮೇಲೆ ಸೊಸೆಯ ತಟ್ಟೆ ಬೇರೆಯಾಯಿತು. ಮಗನ ತಟ್ಟೆ ಇದ್ದಲ್ಲೇ ಇತ್ತು.

"ಇವತ್ತಿಂದ ಮನೇಲಿ ಏನನ್ನೂ ಮುಟ್ಟಬೇಡ!" ಎಂದರು ಅತ್ತೆ.

ಕಾಜಕ್ಕನ ಎದೆ ಚುರುಕ್ ಎಂದಿತು. ಮರುಗಳಿಗೆಯೇ ತಲೆ ಓಡಿತು. "ಏನನ್ನೂ ಅಂದ್ರೆ, ಏನನ್ನೂನಾ ಅತ್ತೆ?"

"ಏನನ್ನೂ!"

"ನೀವು ಹೇಳಿದ ಹಾಗೇ ಆಗ್ಲಿ."

ಪೊರಕೆ ಮುಟ್ಟಲಿಲ್ಲ. ಒಲೆ, ಬಕೆಟ್ಟು, ಕಾಲುಚೀಲ, ಅತ್ತೆಯ ಕಾಲು, ಯಾವುದನ್ನೂ ಮುಟ್ಟಲಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ, ಹಾಡಹಗಲೇ ಗೊರಕೆ ಹೊಡೆದಳು. ಕೆನ್ನೆ ತುಂಬಿಕೊಂಡಿತು. ಅಡುಗೆಮನೆಯಲ್ಲಿ ಮುಸುರೆ ಪಾತ್ರೆ ಗುಡ್ಡವಾಗಿ, ಅತ್ತೆ ಗೊಣಗಿ ಗೊಣಗಿ ಸೊಂಟ ಹಿಡಿದುಕೊಂಡರು.

ತಿಳಿಹೇಳಲು ಆಸ್ಪತ್ರೆಯ ನರ್ಸಮ್ಮ ಮನೆಗೇ ಬಂದಾಗ ಕಾಜಕ್ಕ ಬಾಗಿಲಲ್ಲೇ ಪಿಸುಗುಟ್ಟಿದಳು: "ಇನ್ನೊಂದು ವಾರ ಬಿಟ್ಟು ಹೇಳಿ ಅಕ್ಕಾ. ಈಗಷ್ಟೇ ನಿದ್ದೆ ರುಚಿ ಹತ್ತಿದೆ."

ನರ್ಸಮ್ಮ ನಕ್ಕರೂ ಬಿಡಲಿಲ್ಲ. "ಮುಟ್ಟಿದ್ರೆ ಬರಲ್ಲ, ತಟ್ಟೆ ಲೋಟದಿಂದ ಬರಲ್ಲ. ಒಟ್ಟಿಗೇ ಕೂತು ಉಣ್ಣಿ," ಎಂದರು.

ಅತ್ತೆಗೆ ಹೋದ ಜೀವ ಬಂತು. "ಹಂಗಾದ್ರೆ ಏಳಮ್ಮಾ, ಅನ್ನಕ್ಕಿಡು!"

ರಜೆ ಕೈಜಾರುತ್ತಿತ್ತು. ಕಾಜಕ್ಕ ಎದ್ದು ತನ್ನ ತಟ್ಟೆಯನ್ನು ಎಲ್ಲರ ತಟ್ಟೆಗಳ ನಡುವೆ ಇಟ್ಟಳು.

"ಕೇಳಿಸ್ತಲ್ಲ ಅತ್ತೆ, ಪಾತ್ರೆ ಮುಟ್ಟಿದ್ರೆ ಯಾರಿಗೂ ಏನೂ ಆಗಲ್ವಂತೆ. ನಿಮ್ಮ ಮಗನಿಗೂ ಆಗಲ್ಲ. ಅನ್ನಕ್ಕೆ ನಾನಿಡ್ತೀನಿ, ಪಾತ್ರೆ ಅವರು ತಿಕ್ಕಲಿ."

ಅತ್ತೆ ಗಾಬರಿಯಿಂದ ನರ್ಸಮ್ಮನ ಮುಖ ನೋಡಿದರು.

"ಪಾತ್ರೆ ತಿಕ್ಕಿ ಗಂಡಸರಿಗೆ ಕಾಯಿಲೆ ಬಂದದ್ದು ನಾನಂತೂ ನೋಡಿಲ್ಲಮ್ಮ," ಎಂದರು ನರ್ಸಮ್ಮ, ಬಲು ಗಂಭೀರವಾಗಿ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಗಂಡನ ಕೂಗು ಕೇಳಿತು: "ಏ ಇವಳೇ, ಸೋಪು ಎಲ್ಲಿದೆ?"

"ನಮ್ಮ ಮದುವೆ ಆದಾಗಿಂದ ಅಲ್ಲೇ ಇದೆ," ಎಂದು ಕಾಜಕ್ಕ ಸೂಜಿಗೆ ದಾರ ಪೋಣಿಸಿದಳು.