ಎಮ್ಮೆಯ ದಾರಿಗೆ ಬಿದ್ದ ಬೀಗ

ನನ್ನ ತೆಂಗಿನ ತೋಟದ ಗೇಟಿಗೆ ಒಂದು ಹಿತ್ತಾಳೆ ಬೀಗವಿದೆ. ಅಂಗೈ ತುಂಬುವಷ್ಟು ದಪ್ಪ, ಒತ್ತಿದರೆ ಊರಿಗೆಲ್ಲ ಕೇಳುವಂತೆ ಟಕ್ಕೆನ್ನುತ್ತದೆ. ಏಳನೇ ಕ್ಲಾಸಿಗೇ ಪುಸ್ತಕ ಮಡಿಸಿಟ್ಟು ಗುದ್ದಲಿ ಹಿಡಿದವನು, ಹಳ್ಳಿಮೈಸೂರಿನ ಬಳಿ ಸ್ವಂತ ದುಡಿಮೆಯಲ್ಲಿ ತೋಟ ಕೊಂಡಮೇಲೆ, ಸ್ವಾಮಿ, ಬೀಗವನ್ನಾದರೂ ದೊಡ್ಡದು ಹಾಕಬೇಡವೇ?

ತಂತಿಬೇಲಿ ಎಳೆದು ಬೀಗ ಜಡಿದ ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ, ಗೇಟಿನ ಮುಂದೆ ಪಕ್ಕದ ಹೊಲದ ನಿಂಗಜ್ಜಿಯೂ ಅವಳ ಎಮ್ಮೆಯೂ ನಿಂತಿದ್ದರು. ಅಜ್ಜಿಯ ಗಂಡ ಬದುಕಿದ್ದಾಗ ಈ ಜಮೀನನ್ನು, ನನಗೆ ತೋಟ ಕೊಟ್ಟ ಹಳೇ ಯಜಮಾನನಿಗೆ ಮಾರುವಾಗ, ತನ್ನ ಮನೆಯ ದನಕರು ನಾಲೆಗೆ ಹೋಗುವ ದಾರಿ ಎಂದೆಂದಿಗೂ ತೆರೆದಿರಬೇಕೆಂದು ಕ್ರಯಪತ್ರದಲ್ಲೇ ಬರೆಸಿದ್ದನಂತೆ. ಅದಕ್ಕೆ ರುಜು ಹಾಕಿದವನು ಹಳೇ ಯಜಮಾನ, ನನಗೇನು ಸಂಬಂಧ ಎಂದೆ. ಅಜ್ಜಿ ಜಗಳಕ್ಕೇ ಬರಲಿಲ್ಲ.

"ನಾನಾದ್ರೆ ಸುತ್ಕಂಡು ಓಗ್ತೀನಿ ಕಣ್ಲಾ ಮಗ. ತ್ವಾಟ ಕೈ ಬದ್ಲಾಯ್ತು ಅಂತ ಎಮ್ಮೆಗೆ ನೀನೇ ಯೋಳು."

ಎಮ್ಮೆ ಮೆಲುಕು ಹಾಕುತ್ತ ನನ್ನನ್ನೇ ನೋಡಿತು. ಯಾರೋ ದಾರಿಯಲ್ಲಿ ಮರೆತು ಹೋದ ಸಾಮಾನನ್ನು ಈಗ ಎತ್ತುತ್ತಾರೆ ಎಂದು ಕಾಯುವವರ ತಾಳ್ಮೆ ಅದರ ಕಣ್ಣಿನಲ್ಲಿತ್ತು.

ಎಮ್ಮೆಗೆ ಸೋಲುವ ಜಾಯಮಾನ ನನ್ನದಲ್ಲ. ಬಸ್ಸು ಹತ್ತಿ ಹೊಳೆನರಸೀಪುರದ ವಕೀಲರೊಬ್ಬರಲ್ಲಿಗೆ ಹೋದೆ. ಅವರು ಎಲ್ಲ ಕೇಳಿಸಿಕೊಂಡು, ತೆಂಗಿನ ಸಸಿ ನೆಟ್ಟವರು ಯಾರು ಎಂದರು.

"ಹಳೇ ಯಜಮಾನ್ರು ಸಾ."

"ಕಾಯಿ ಕೀಳೋರು?"

"ನಾನೇ ಸಾ."

"ಕಾಯಿ ನಿಮಗೆ ಬಂದ ಹಾಗೇ ದಾರೀನೂ ಬಂದಿದೆ. ತಗೊಂಡು ಹೋಗಿ."

ಹಳೇ ಯಜಮಾನ ಅಜ್ಜಿಗೆ ಹಬ್ಬಕ್ಕೊಂದು ಎಳನೀರು ಕೊಡುತ್ತೇನೆ ಎಂದಿದ್ದರೆ ಆ ಮಾತು ಅವನೊಂದಿಗೇ ಹೋಗುತ್ತಿತ್ತಂತೆ. ದಾರಿ ಮಾತ್ರ ಮಣ್ಣಿಗೆ ಅಂಟಿಕೊಂಡದ್ದು, ಮಣ್ಣು ಯಾರ ಕೈಗೆ ಹೋದರೂ ಹಿಂದೆಯೇ ಹೋಗುತ್ತದಂತೆ. ನೋಡಿ, ನಾವು ಭೂಮಿ ಕೊಳ್ಳುವಾಗ ಮರ ಎಣಿಸುತ್ತೇವೆ, ಬಾವಿಯ ಆಳಕ್ಕೆ ಕಲ್ಲು ಹಾಕಿ ನೋಡುತ್ತೇವೆ; ಅದರ ಮೇಲೆ ಮಲಗಿರುವ ಹಳೆಯ ಮಾತುಗಳನ್ನು ಮಾತ್ರ ತುಳಿದುಕೊಂಡೇ ಓಡಾಡುತ್ತೇವೆ.

ಇಷ್ಟು ತಿಳಿದರೂ ಮೀಸೆ ಬಗ್ಗಲಿಲ್ಲ. ಟೀ ಅಂಗಡಿಯಲ್ಲಿ ಕೂತು, ಸತ್ತವರ ಮಾತಿಗೆ ಬದುಕಿರುವವನು ಯಾಕೆ ಕಟ್ಟುಬೀಳಬೇಕು ಎಂದು ದೊಡ್ಡ ಗಂಟಲಿನಲ್ಲಿ ಕೇಳಿದೆ. ಉತ್ತರ ಸಂಜೆಗೆ ಗುದ್ದಲಿ ಹೊತ್ತುಕೊಂಡು, ತಾತನ ಕಾಲದಿಂದ ಬಂದ ನನ್ನ ಗದ್ದೆಗೇ ಬಂತು. ಬಂದವನು ಮೇಲಿನ ಗದ್ದೆಯ ಜವರಣ್ಣ. ನನ್ನ ಭತ್ತಕ್ಕೆ ನೀರು ಬರುವುದು ಅವನ ಗದ್ದೆಯನ್ನು ಸೀಳಿಕೊಂಡು ಬರುವ ಕಾಲುವೆಯಿಂದ.

"ಒಳ್ಳೇ ಮಾತು ಯೋಳ್ದೆ ಕಣಣ್ಣ. ಕಾಲುವೆ ಬುಡ್ತೀನಿ ಅಂದಿದ್ದು ನಮ್ಮ ತಾತ, ನಿಮ್ಮ ತಾತಂಗೆ. ಇಬ್ರೂ ಈಗಿಲ್ಲ. ಮುಚ್ಬುಡ್ಲಾ?"

ಭತ್ತ ಆಗತಾನೇ ತೆನೆ ಬಿಡುತ್ತಿತ್ತು. ಬೀಗದ ಕೈ ಹಿಡಿದು ನೇರ ತೋಟದ ಕಡೆಗೆ ಹೊರಟೆ. ಸತ್ತವರ ಮಾತನ್ನೇ ನಾನು ದಿನಾ ಉಣ್ಣುತ್ತಿದ್ದೇನೆಂದು ಗೊತ್ತಾಗುವುದಕ್ಕೆ ಗುದ್ದಲಿಯೇ ಬರಬೇಕಾಯಿತು.

ಬೀಗ ಈಗಲೂ ಗೇಟಿನಲ್ಲೇ ಇದೆ, ಬಾಯಿ ತೆರೆದುಕೊಂಡು. ನಾಲೆಯಿಂದ ಬರುವಾಗ ಎಮ್ಮೆ ದಿನವೂ ಅದಕ್ಕೆ ಕತ್ತು ಉಜ್ಜಿಕೊಂಡು ಹೋಗುವುದರಿಂದ ಹಿತ್ತಾಳೆ ಫಳಫಳ ಹೊಳೆಯುತ್ತದೆ. ಎಂದಾದರೂ ಈ ತೋಟ ಮಾರುವ ಕಾಲ ಬಂದರೆ, ಕೊಳ್ಳುವವನಿಗೆ ಮರ ತೋರಿಸುವ ಮೊದಲು ಎಮ್ಮೆಯನ್ನು ತೋರಿಸುತ್ತೇನೆ.